ಕೊಡಗಳು ನುಡಿದ ಮಧ್ಯಾಹ್ನ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಹಿತ್ತಾಳೆ ಕೊಡಗಳು ಮಾತಾಡುತ್ತಿದ್ದವು. ಕಿಸಕ್ಕೆಂದು ನಗಬೇಡಿ ಮೊಮ್ಮಕ್ಕಳೇ, ನಕ್ಕವರಿಗೆ ಮುಂದಿನ ಮಾತು ಹೇಳುವುದಿಲ್ಲ. ಲಿಂಗಸುಗೂರಿನ ಆಚೆ, ಹಟ್ಟಿಯ ಚಿನ್ನದ ಗಣಿಗೆ ಹತ್ತಿರ ನಮ್ಮ ಊರು. ನಿಜಾಮನ ಆಳ್ವಿಕೆ ಮುಗಿದು ಬಹಳ ಕಾಲವಾಗಿರಲಿಲ್ಲ. ದಿನಾ ಮಧ್ಯಾಹ್ನ ಉಂಡು ದೊಡ್ಡವರು ಅಡ್ಡಾಗುವ ಹೊತ್ತಿಗೆ, ಪಡಸಾಲೆಯ ಹಲಗೆಯ ಮೇಲೆ ಪೇರಿಸಿಟ್ಟ ಕೊಡಗಳು ಯಾರೂ ಮುಟ್ಟದೆ ಝಣಝಣ ಅನ್ನುತ್ತಿದ್ದವು. ಅಂಗಾಲಿಗೆ ನೆಲ ಜುಮ್ಮೆನ್ನುತ್ತಿತ್ತು. ಮಾಳಿಗೆಯಿಂದ ಮಣ್ಣಿನ ಹುಡಿ ಉದುರಿ ಕಣ್ಣಿಗೆ ಬೀಳುತ್ತಿತ್ತು.

ಅದು ಶುರುವಾದ ಹೊಸತರಲ್ಲಿ ಊರಿನವರು ಕಟ್ಟಿದ ಕತೆಗಳೋ, ಅಬ್ಬಬ್ಬಾ! ಆದಿಶೇಷ ಮಗ್ಗಲು ಬದಲಿಸುತ್ತಾನೆ ಅಂದರು. ನಿಜಾಮನ ಕಾಲದಲ್ಲಿ ಹೂತಿಟ್ಟ ಹೊನ್ನು ಸಿಟ್ಟಾಗಿ ನೆಲದೊಳಗಿಂದಲೇ ಹೈದರಾಬಾದಿಗೆ ಹೊರಟಿದೆ ಅಂದರು. ನನ್ನ ಲೆಕ್ಕ ಬೇರೆ. ನಮ್ಮ ಮನೆಯ ಕೆಳಗೆ ತಲೆಕೆಳಗಾದ ಇನ್ನೊಂದು ಮನೆ ಇದೆ, ಅಲ್ಲಿ ನನ್ನಂಥವಳೇ ಒಬ್ಬಳು ಕುಂಟಾಬಿಲ್ಲೆ ಆಡುತ್ತಾಳೆ! ಕಡೆಗೆ ಗಣಿಗೆ ಕೂಲಿಗೆ ಹೋಗುತ್ತಿದ್ದ ಮಾವ ಬಂದು, "ಕೆಳಗ ಕಲ್ಲು ಒಡ್ಯಾಕ ಮದ್ದು ಹಾರಸ್ತಾರ. ಅದಕ್ಕ ನೆಲ ನಡಗತೈತಿ" ಎಂದ. ಅಪ್ಪ "ಇಷ್ಟಕ್ಕ ಇಷ್ಟು ಗುಲ್ಲು ಮಾಡಿದ್ರೇನ!" ಎಂದು ನಕ್ಕ. ನನಗೆ ಮಾತ್ರ ಭಾಳ ಬೇಜಾರಾಯಿತು.

ಆ ಬೇಸಿಗೆಯಲ್ಲಿ ಒಂದು ದಿನ ಸಾಲಗುಂದದವರು ಅಕ್ಕನನ್ನು ನೋಡಲು ಬರುವವರಿದ್ದರು. ಅಕ್ಕನಿಗೆ ಆಗ ಹದಿನಾಲ್ಕೋ ಹದಿನೈದೋ. ಬೆಳಿಗ್ಗೆ ನನಗೆ ಹೆರಳು ಹಾಕುತ್ತಾ, "ನಂಗ ಹೆದರಿಕಿ ಆಗಾಕತ್ತೈತಿ. ಈಗ ಲಗ್ನ ಬ್ಯಾಡ ನಂಗ" ಎಂದು ಕಿವಿಯಲ್ಲಿ ಹೇಳಿದಳು. ಅಪ್ಪನಿಗೆ ಹೇಳು ಅಂದರೆ ತಲೆ ಅಲ್ಲಾಡಿಸಿದಳು. ಹುಡುಗಿಯನ್ನು ಕೇಳುವ ಪದ್ಧತಿಯೇ ಇಲ್ಲದಿದ್ದಾಗ ಹೇಳುವುದಾದರೂ ಹೇಗೆ?

ಬಿಸಿಲು ಏರಿದರೂ ಅವರ ಬಂಡಿ ಬರಲಿಲ್ಲ. ಅಪ್ಪ ಒಳಗೆ ಬಂದ, ಹೊರಗೆ ಹೋದ, ಮತ್ತೆ ಬಂದ. ಅವ್ವ ಬಜ್ಜಿಯ ಹಿಟ್ಟನ್ನು ಕಲಸಿದ್ದೇ ಕಲಸಿದ್ದು. ನಾನು ಕುಳಿತಲ್ಲಿ ಕೂರಲಾರದೆ ಅವ್ವನಿಂದ ಬೈಸಿಕೊಂಡೆ. ಅಂತೂ ಊಟದ ಹೊತ್ತು ಮೀರಿ ಬಂಡಿ ಬಂತು. ವರನ ದೊಡ್ಡಪ್ಪ, ಅತ್ತೆ, ಮುದಿ ಅಜ್ಜಿ ಇಳಿದರು. ಅಕ್ಕ ಸೀರೆಯ ಸೆರಗನ್ನು ಹಿಂಡುತ್ತಾ ಚಾಪೆಯ ಮೇಲೆ ಕುಳಿತಳು.

"ಹುಡುಗಿ ನಮ್ಮ ಮನಿಗೆ ಹೊಂದಿಕೊಂಡು ಹೋಗ್ತಾಳೇನ್ರಿ?" ಎಂದು ದೊಡ್ಡಪ್ಪ ಕೇಳಿದ. ಅಪ್ಪ ಜವಾಬು ಕೊಡಲು ಬಾಯಿ ತೆರೆದ, ಅಷ್ಟೇ. ಹಲಗೆಯ ಮೇಲಿನ ಕೊಡಗಳು ಝಣಝಣ ಅಂದವು!

ಅತ್ತೆಯ ಕೈಯಲ್ಲಿದ್ದ ಬಜ್ಜಿ ನೆಲಕ್ಕೆ ಬಿತ್ತು. "ಶಿವನ! ಯಾರೂ ಮುಟ್ಟಿಲ್ಲ, ಕೊಡ ನುಡಿಯಾಕತ್ತಾವ! ಬ್ಯಾಡ ಅನ್ನಾಕತ್ತಾವ, ಏಳ್ರಿ!" ಎಂದಳು. ನನಗೆ ಕುಣಿಯುವಷ್ಟು ಖುಷಿಯಾಯಿತು. ಆದರೆ ಅಪ್ಪ ಬಿಟ್ಟಾನೆಯೇ? "ಅಪಶಕುನ ಎಲ್ಲೀದ್ರಿ? ಗುಡಿ ಗಂಟಿ ಬಾರಿಸಿದಂಗ ಆತು. ಹೂಂ ಅಂದಾವ ಅವು" ಎಂದ. ಶಕುನದ ಮಾತಿಗೆ ನಗುತ್ತಿದ್ದ ಅದೇ ಅಪ್ಪ ಕಣ್ರೇ! ಮದ್ದಿನ ಸುದ್ದಿ ಮಾತ್ರ ಎತ್ತಲಿಲ್ಲ. ಬೇಡ ಅಂದವು, ಬೇಕು ಅಂದವು ಎಂದು ತಕರಾರು ಬೆಳೆಯಿತು. ಕೊನೆಗೆ ದೊಡ್ಡಪ್ಪ, "ಇವತ್ತು ಇಲ್ಲೇ ಇರತೀವಿ. ನಾಳಿ ಇದೇ ಮಾತು ಮತ್ತ ಕೇಳೂಣು. ಕೊಡ ನುಡದ್ರ ಲಗ್ನ, ಇಲ್ಲಂದ್ರ ಇಲ್ಲ" ಎಂದ.

ಅಪ್ಪನ ಮುಖ ಅರಳಿತು. ಯಾಕೆ ಅರಳುವುದಿಲ್ಲ? ನಾಳೆಯೂ ಕೊಡ ನುಡಿದೇ ನುಡಿಯುತ್ತದೆಂದು ಅವನಿಗೆ ಗೊತ್ತು. ಅವ್ವನಿಗೆ ಗೊತ್ತು. ನನಗೂ ಗೊತ್ತು. ಅಕ್ಕನ ಕಡೆ ನೋಡಿದೆ. ಅವಳು ಸೆರಗು ಹಿಂಡುವುದನ್ನು ಬಿಟ್ಟಿದ್ದಳು.

"ಕೊಡಾನ ಯಾಕ ಕೇಳ್ತೀರ್ರಿ? ಅವು ದಿನಾ ಹಂಗ ನುಡೀತಾವು, ಗಣ್ಯಾಗ ಮದ್ದು ಹಾರಸ್ತಾರ" ಎಂದಳು ಅಕ್ಕ, ತಲೆ ಎತ್ತದೆ. "ಬಾಯಿ ನನಗೂ ಐತಿ."

ಅಪ್ಪ ಎದ್ದು ನಿಂತ. ಅಕ್ಕನಿಗೆ ಏಟು ಬಿತ್ತು ಎಂದು ನಾನು ಕಣ್ಣು ಮುಚ್ಚಿಕೊಂಡೆ. ಆಗ ಅಲ್ಲಿಯವರೆಗೆ ಸುಮ್ಮನಿದ್ದ ಮುದಿ ಅಜ್ಜಿ, "ತಡೀ ಅಪ್ಪಾ. ನೀ ಹೇಳವ್ವ" ಎಂದಳು.

"ನಾ ಈಗ ಲಗ್ನ ಒಲ್ಲೆ ರೀ."

ಅಜ್ಜಿ ಅಕ್ಕನ ತಲೆ ಸವರಿ, "ಒಲ್ಲೆ ಅಂದ ಮ್ಯಾಲ ಮುಗೀತು. ಬಂಡಿ ಹೂಡ್ರಿ" ಎಂದಳು. ಅವರು ಹೋದರು. ಅಪ್ಪ ಭಾಳ ದಿನ ಅಕ್ಕನ ಜೊತೆ ಮಾತು ಬಿಟ್ಟ. ಅಕ್ಕ ಅತ್ತಳು, ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಒಂದೆರಡು ವರ್ಷ ಕಳೆದು ಮಸ್ಕಿಯಿಂದ ಇನ್ನೊಂದು ಸಂಬಂಧ ಬಂದಾಗ, ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು, ಗೋಡೆ ನೋಡುತ್ತಾ, "ಏನಂತೀಯವ್ವ ನೀ?" ಎಂದು ಕೇಳಿದ. ರೊಟ್ಟಿ ಬಡಿಯುತ್ತಿದ್ದ ಅಕ್ಕನ ಕೈ ನಿಂತುಬಿಟ್ಟಿತು.

ನಿಮ್ಮನ್ನು ಈಗ ದಿನಕ್ಕೆ ಹತ್ತು ಸಲ ಕೇಳುತ್ತಾರೆ. ಏನು ತಿನ್ನುತ್ತೀ, ಯಾವ ಅಂಗಿ ಬೇಕು, ಮುಂದೆ ಏನು ಓದುತ್ತೀ. ನೀವೋ, ಫೋನಿನಿಂದ ಮುಖ ಎತ್ತದೆ "ಏನಾದ್ರೂ ನಡೀತೈತಿ" ಅನ್ನುತ್ತೀರಿ. ಆಗ ನನಗೆ ಸಿಟ್ಟು ನೆತ್ತಿಗೇರುತ್ತದೆ. ನಮ್ಮ ಮನೆಯಲ್ಲಿ ಹಿತ್ತಾಳೆ ಕೊಡವನ್ನು ಕೇಳಲು ತಯಾರಿದ್ದರು, ಎದುರಿಗೆ ಕುಳಿತ ಹುಡುಗಿಯನ್ನು ಕೇಳಲಿಲ್ಲ. ನಿಮ್ಮನ್ನು ಕೇಳುತ್ತಾರಲ್ಲ, ಬಾಯಿ ಬಿಟ್ಟು ಹೇಳ್ರೇ!