ಸನಾವುಲ್ಲಾ ಮುಚ್ಚಿದ ದನಿ

ಶಿವಾಜಿನಗರದಲ್ಲಿ ಹಳೆ ಕಂಪ್ಯೂಟರ್ ರಿಪೇರಿ ಮಾಡುವ ಸನಾವುಲ್ಲಾನಿಗೆ ಐವತ್ತೆರಡು. ರೇಡಿಯೊದಿಂದ ಶುರುಮಾಡಿ, ಟೀವಿ ದಾಟಿ, ಕಂಪ್ಯೂಟರಿಗೆ ಬಂದು ನಿಂತ ಕೈ ಅದು. ತನ್ನ ಕೈಯಿಂದ ಹೋದ ಮಾಲು ಮರಳಿ ಬಂದದ್ದೇ ಇಲ್ಲ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಕೇಳಿ ಕೇಳಿ ಬೀದಿಯವರಿಗೆ ಸಾಕಾಗಿತ್ತು. ಈಗ ಹೇಳುವುದಿಲ್ಲ. ಆ ಮಾತು ನೆನಪಾದರೆ ಅವನಿಗೆ ಮುಖ ಎಲ್ಲಿಡಲಿ ಎನಿಸುತ್ತದೆ.

ಯಾದಗಿರಿ ಕಡೆಯ ಸುಜಾತಾಳಿಗೆ ಕಣ್ಣು ಕಾಣದು. ಕೆ.ಆರ್. ಪುರದ ಬಾಡಿಗೆ ಕೋಣೆಯಲ್ಲಿ ಗಾರೆ ಕೆಲಸದ ಅಣ್ಣ ಭೀಮುವಿನ ಜೊತೆ ಇರುತ್ತಾಳೆ. ಕಲ್ಯಾಣ ನಗರದ ಒಂದು ತರಬೇತಿ ಕೇಂದ್ರದವರು ಅವಳಿಗೆ ಹಳೆ ಕಂಪ್ಯೂಟರ್ ಕೊಟ್ಟಿದ್ದರು. ಅದಕ್ಕೆ ವಿಂಡೋಸ್ ಬದಲು ಬಿಟ್ಟಿ ಸಿಗುವ ಲಿನಕ್ಸ್ ಹಾಕಿ, ತೆರೆದದ್ದನ್ನೆಲ್ಲ ಓದಿ ಹೇಳುವ ದನಿಯನ್ನೂ ಕೂರಿಸಿಕೊಡಿ ಎಂದು ಒಂದು ಗುರುವಾರ ತಂದಿಟ್ಟಳು. ಸೋಮವಾರ ಹತ್ತು ಗಂಟೆಗೆ ಮನೆಯಿಂದಲೇ ಒಂದು ಕಂಪನಿಯ ಟೈಪಿಂಗ್ ಪರೀಕ್ಷೆ, ಪಾಸಾದರೆ ಕೆಲಸ.

ಲಿನಕ್ಸ್ ಸಲೀಸಾಗಿ ಕೂತಿತು, ದನಿ ಹಟ ಹಿಡಿಯಿತು. ಒಳಗೆ ದನಿಗೆ ಎರಡು ದಾರಿ: ಒಂದು ಹಿಂದೆ ಸಿಕ್ಕಿಸುವ ಸ್ಪೀಕರಿಗೆ, ಇನ್ನೊಂದು ಮಾನಿಟರಿನ ವೈರಿಗೆ. ಆನ್ ಮಾಡಿದಾಗೊಮ್ಮೆ ಇದು ಎದ್ದರೆ ಇನ್ನೊಮ್ಮೆ ಅದು, ಮೂರನೇ ಸಲ ಎರಡೂ ಇಲ್ಲ. ಒಂದನ್ನು ಮುಚ್ಚಿದರೆ ಜಗಳ ಮುಗಿಯುತ್ತಿತ್ತು. ಯಾವುದನ್ನು ಎಂದು ಅವಳಿಗೊಂದು ಫೋನ್ ಮಾಡಿ ಕೇಳಬೇಕಿತ್ತು. ಆದರೆ ಗಿರಾಕಿಯನ್ನು ಕೇಳುವುದೆಂದರೆ ನಮ್ಮ ಸನಾವುಲ್ಲಾ ಸಾಹೇಬರಿಗೆ ಅವಮಾನ. ಸ್ಪೀಕರಿನದನ್ನು ಮುಚ್ಚಿದ. ಅಂಗಡಿಯ ಮಾನಿಟರು ಗಿಣಿಯಂತೆ ಮಾತಾಡಿತು. ಶನಿವಾರ ಸುಜಾತಾಳೂ ಅದನ್ನೇ ಕೇಳಿ, ಖುಷಿಯಿಂದ ಕಂಪ್ಯೂಟರ್ ಡಬ್ಬಿಯನ್ನು ಒಯ್ದಳು.

ಬುಧವಾರ ಭೀಮು ಅದೇ ಡಬ್ಬಿಯನ್ನು ಹೊತ್ತು ತಂದು ಕೌಂಟರಿನ ಮೇಲೆ ಕುಕ್ಕಿದ. ಹಿಂದೆಯೇ ಕೀಬೋರ್ಡು, ಸ್ಪೀಕರು ಹಿಡಿದ ಸುಜಾತಾ. ಅಂಗಡಿಯಲ್ಲಿ ಕೇಳಿಯಾಗಿತ್ತಲ್ಲ ಎಂದು ಸೋಮವಾರ ಬೆಳಿಗ್ಗೆಯೇ ಆನ್ ಮಾಡಿದರೆ ಅದು ತುಟಿ ಬಿಚ್ಚಲಿಲ್ಲವಂತೆ. ಪಕ್ಕದ ಕೋಣೆಯ ಹುಸೇನಮ್ಮ ನೋಡಿ ಹೇಳಲು ಬಂದಳಂತೆ, ನೋಡುವುದಾದರೂ ಏನನ್ನು? ಕಣ್ಣು ಕಾಣದವಳು ಮಾನಿಟರನ್ನು ಯಾಕೆ ಇಟ್ಟುಕೊಂಡಾಳು? ಡಬ್ಬಿ, ಕೀಬೋರ್ಡು, ಎರಡು ಪುಟ್ಟ ಸ್ಪೀಕರು, ಅಷ್ಟೇ. ಪರೀಕ್ಷೆ ತಪ್ಪಿಹೋಯಿತು. ತಾನೇ ಏನೋ ಒತ್ತಿ ಕೆಡಿಸಿದೆ, ಬೇಜಾರು ಮಾಡಿಕೊಳ್ಳಬೇಡಿ ಎಂದು ಸುಜಾತಾ ಸನಾವುಲ್ಲಾನನ್ನೇ ಬೇಡಿಕೊಂಡಳು. ಸರಿ ಮಾಡಿಕೊಟ್ಟರೆ ಕೇಂದ್ರಕ್ಕೆ ವಾಪಸು ಕೊಟ್ಟು ತಂಗಿಯನ್ನು ಊರಿಗೆ ಬಿಟ್ಟುಬರುತ್ತೇನೆ, ಇದು ಇವಳ ಕೈಲಾಗುವ ಕೆಲಸವಲ್ಲ ಎಂದ ಭೀಮು.

ಡಬ್ಬಿ ಬಿಚ್ಚುವ ಮೊದಲೇ ಸನಾವುಲ್ಲಾನಿಗೆ ಎಲ್ಲ ಗೊತ್ತಾಗಿತ್ತು. ಆದರೆ ಪಕ್ಕದಲ್ಲಿ ಮೂವರು ಗಿರಾಕಿಗಳಿದ್ದರು. ಹಳೇ ಮಾಲು, ಹೀಗೆಲ್ಲ ಆಗುತ್ತಮ್ಮ ಎಂದುಬಿಟ್ಟ. ಎಂದ ಕೂಡಲೇ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ತಲೆ ಎತ್ತದೆ, ಮುಚ್ಚಿದ್ದ ಸ್ಪೀಕರಿನ ದಾರಿಯನ್ನು ತೆರೆದು ಮಾನಿಟರಿನದನ್ನು ಮುಚ್ಚಿದ. ಮೂರು ನಿಮಿಷವೂ ಹಿಡಿಯಲಿಲ್ಲ. ಪುಟ್ಟ ಸ್ಪೀಕರು ಮಾತಾಡಿತು.

ಸುಜಾತಾ ಕೀಬೋರ್ಡನ್ನು ತಡವಿ ಹತ್ತೂ ಬೆರಳುಗಳನ್ನು ಅದರ ಮೇಲೆ ಇಟ್ಟಳು.

"ನಾ ಯಾವ ಕೀ ಒತ್ತಿದ್ದೆ ಹೇಳ್ರಿ ಭಾಯ್. ಇನ್ನೊಮ್ಮೆ ಅದರ ಮ್ಯಾಲ ಬೆರಳು ಇಡಂಗಿಲ್ಲ."

ಯಾವುದೋ ಒಂದು ಕೀಲಿಯ ಹೆಸರು ಹೇಳಿದ್ದರೆ ಸಾಕಿತ್ತು. ಅವಳು ನಂಬುತ್ತಿದ್ದಳು, ಜೀವಮಾನವಿಡೀ ಅದನ್ನು ಮುಟ್ಟುತ್ತಿರಲಿಲ್ಲ. ಸನಾವುಲ್ಲಾ ತಲೆ ಎತ್ತಿದ.

"ನೀನೇನೂ ಒತ್ತಿಲ್ಲಮ್ಮ. ತಪ್ಪು ನಂದು. ಮನೇಲಿ ಮಾನಿಟರ್ ಇರುತ್ತೆ ಅಂದ್ಕೊಂಡ್ಬಿಟ್ಟೆ. ನಿನ್ನನ್ನ ಒಂದ್ ಮಾತು ಕೇಳ್ಲಿಲ್ಲ."

ಗಿರಾಕಿಗಳು ಮುಖ ಮುಖ ನೋಡಿಕೊಂಡರು. ಭೀಮು ತಂಗಿಯ ಕಡೆ ತಿರುಗಿದ. ಸುಜಾತಾ ನಿಧಾನವಾಗಿ ಕೈ ಹಿಂದಕ್ಕೆ ತೆಗೆದುಕೊಂಡಳು.

"ಮೂರು ದಿನದಿಂದ ಎಲ್ಲಾರ ಮುಂದ ನಂದೇ ತಪ್ಪು ಅಂದೀನ್ರಿ. ಅಣ್ಣಗ ಅಂದೀನಿ, ಸೆಂಟರಿನ ಮೇಡಂಗ ಅಂದೀನಿ, ಕಂಪನಿಯವ್ರಿಗೂ ಅಂದೀನಿ."

ಕ್ಷಮಿಸು ಎನ್ನಲು ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಮೇಡಂ ನಂಬರಿಗೆ ಫೋನ್ ಹಚ್ಚಿ ಅವನ ಕಡೆ ಚಾಚಿದ್ದಳು. ಆ ಕಡೆಯಿಂದ ಯಾರೋ ಸುಜಾತಾಳ ಹೆಸರು ಹಿಡಿದು ಕರೆಯುತ್ತಿದ್ದರು. ಮೂವರು ಗಿರಾಕಿಗಳು ಕೇಳುತ್ತಿರುವಂತೆಯೇ ಸನಾವುಲ್ಲಾ ತನ್ನ ಹೆಸರು, ಅಂಗಡಿ, ಮಾಡಿದ ತಪ್ಪು ಎಲ್ಲವನ್ನೂ ಮೊದಲಿನಿಂದ ಹೇಳಿದ. ಮುಗಿಸಿ, ಬೆವರು ಒರೆಸಿಕೊಂಡು, ಫೋನ್ ವಾಪಸು ಕೊಡಲು ಹೋದ. ಅವಳು ಕೈ ನೀಡಲಿಲ್ಲ.

"ಈಗ ಕಂಪನಿಯವ್ರಿಗೆ ಹಚ್ರಿ," ಎಂದಳು.