ಕೆಚ್ಚಲಿನ ಟ್ಯೂಬು, ಕೂಸಿನ ತೊಡೆ

೨೦೨೨ರ ಮಳೆಗಾಲ. ಸರ್ಕಾರಿ ನೌಕರಿಯಿಂದ ನಿವೃತ್ತನಾಗಿ ದೊಡವಾಡದ ಸುತ್ತಿನ ಹಳ್ಳಿಗಳಲ್ಲಿ ಖಾಸಗಿಯಾಗಿ ದನಗಳಿಗೆ ಚಿಕಿತ್ಸೆ ಕೊಡುತ್ತಿದ್ದೆ. ಪಶುವೈದ್ಯನಾಗಿ ಅದು ನನ್ನ ಮೂವತ್ತನಾಲ್ಕನೇ ವರ್ಷ. ಈ ಕಸುಬಿನಲ್ಲಿ ನನಗೆ ಗೊತ್ತಿಲ್ಲದ್ದು ಇನ್ನೇನೂ ಇಲ್ಲ ಎಂಬ ಸೊಕ್ಕು ತುಸು ಇತ್ತು, ಸುಳ್ಳು ಹೇಳಲಾರೆ.

ಒಂದು ಬೆಳಿಗ್ಗೆ ಧಾರವಾಡದಿಂದ ಮಕ್ಕಳ ವೈದ್ಯೆಯೊಬ್ಬರು ಫೋನ್ ಮಾಡಿದರು. ಎಮ್ಮೆ ಡಾಕ್ಟರನ ಹತ್ತಿರ ಅವರಿಗೇನು ಕೆಲಸ ಎಂದುಕೊಂಡೆ. ಅವರ ವಾರ್ಡಿನಲ್ಲಿ ಪವಿತ್ರಾ ಎಂಬ ಎರಡೂವರೆ ವರ್ಷದ ಹುಡುಗಿ ಇದ್ದಳು. ಬಲತೊಡೆಯಲ್ಲಿ ದೊಡ್ಡ ಕುರು, ೧೦೩ ಡಿಗ್ರಿ ಜ್ವರ. ಕೀವನ್ನು ಕಲ್ಚರ್‌ಗೆ ಕಳಿಸಿದ್ದರು. ಅಂದರೆ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ, ಯಾವ ಆ್ಯಂಟಿಬಯೋಟಿಕ್‌ಗೆ ಸಾಯುತ್ತದೆಂದು ನೋಡುವ ಪರೀಕ್ಷೆ. ವರದಿಯಲ್ಲಿ ಬಂದದ್ದು ಎಂಆರ್‌ಎಸ್‌ಎ, ಸಾಮಾನ್ಯ ಔಷಧಗಳಿಗೆ ಬಗ್ಗದ ಜಾತಿ.

"ಗಾಯಕ್ಕ ಹಚ್ಚಿದ್ದೆಲ್ಲಾ ತರ್ರಿ ಅಂದಿದ್ದೆ," ಎಂದರು ವೈದ್ಯೆ. "ತಾಯಿ ಒಂದು ಟ್ಯೂಬ್ ತಂದಾಳ. ಅದಕ್ಕ ಸುತ್ತಿದ ಚೀಟಿ ಮ್ಯಾಲೆ ನಿಮ್ಮ ಹೆಸರು, ನಂಬರ್ ಅದಾವ. ಎಮ್ಮಿ ಕೆಚ್ಚಲಿಗೆ ಏರಸೋ ಔಷಧ ಅಲ್ಲೇನ್ರಿ ಇದು?"

ಕೆಚ್ಚಲುಬಾವಿಗೆ ಕೊಡುವ ಆ ಆ್ಯಂಟಿಬಯೋಟಿಕ್ ಟ್ಯೂಬನ್ನು ಮೊಲೆತೂತಿನೊಳಗೆ ಒಮ್ಮೆಗೇ ಪೂರ್ತಿ ಏರಿಸಬೇಕು. ಪವಿತ್ರಾಳ ಮನೆಗೆ, ಅವರ ಎಮ್ಮೆಗೆಂದು, ನಾಲ್ಕು ಕೊಟ್ಟಿದ್ದೆ. "ಉಳಿದ್ರ ಇಟ್ಕೋರಿ, ಮುಂದ ಬೇಕಾಗತಾವ" ಎಂದಿದ್ದೆ. ಎಲ್ಲ ಮನೆಗಳಲ್ಲೂ ಹಾಗೇ ಹೇಳುತ್ತಿದ್ದೆ.

ಆ ತಾಯಿಗೆ ಚೆನ್ನಾಗಿ ಬೈಯಬೇಕೆಂದೇ ಬೈಕ್ ಹತ್ತಿ ಧಾರವಾಡಕ್ಕೆ ಹೋದೆ. ಪವಿತ್ರಾಳ ತಾಯಿ ರೇಣುಕಾ, ವಾರ್ಡಿನ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಳು. "ಹಿಂಗ್ಯಾಕ ಮಾಡಿದಿ?" ಎಂದೆ.

"ಎಮ್ಮಿ ಬಾವು ಎರಡ ದಿನಕ್ಕ ಇಳೀತ್ರಿ ಸಾಹೇಬ್ರ. ನೀವು ಕೊಟ್ಟಿದ್ದು ಛಲೋ ಔಷಧ ಅಂತ ಕೂಸಿಗೂ ಹಚ್ಚಿದ್ನಿ. ಜಲ್ದಿ ತೀರಬಾರದಂತ ದಿನಾ ಒಂದೀಟ, ಮೂರು ವಾರ."

ಬೈಯುವುದನ್ನು ಬಿಟ್ಟು ಅವಳ ಪಕ್ಕದಲ್ಲೇ ಬೆಂಚಿನ ಮೇಲೆ ಕುಳಿತೆ. ಅರೆಬರೆ ಔಷಧ ಕಂಡ ರೋಗಾಣು ಅರೆಪೆಟ್ಟು ತಿಂದ ಹಾವಿನಂತೆ ಎಂದು ನಾನೇ ತರಬೇತಿಗಳಲ್ಲಿ ಹೇಳುತ್ತಿದ್ದವನು. ನನ್ನ ಟ್ಯೂಬಿನಿಂದಲೇ ಹೀಗಾಯಿತೇ ಎಂದು ವೈದ್ಯೆಯನ್ನು ಕೇಳಿದೆ. "ಖಾತ್ರಿ ಹೇಳಾಕ ಬರೂದಿಲ್ಲ. ಆದ್ರ ಕೂಸು ಇಲ್ಲಿಗೆ ಬರೂದು ಮೂರು ವಾರ ತಡ ಆತು. ಇನ್ನ ಎಲುಬಿಗೆ ಇಳದ್ರ ಕಾಲು ಹೋಗತೈತಿ, ರಕ್ತಕ್ಕ ಸೇರಿದ್ರ ಜೀವಾನ ಹೋಗತೈತಿ," ಎಂದರು. ಆಘಾತವೆಂದರೆ ಏನೆಂದು ಅಂದು ತಿಳಿಯಿತು.

ಕುರು ಕೊಯ್ದು ಕೀವು ತೆಗೆದರು. ವ್ಯಾಂಕೊಮೈಸಿನ್ ಎಂಬ ಔಷಧವನ್ನು ಸಲಾಯಿನ್ ಮೂಲಕ ಕೊಟ್ಟರು. ನಾಲ್ಕು ದಿನ ಜ್ವರ ಜಗ್ಗಲಿಲ್ಲ. ನಾನು ದಿನವೂ ಹೋಗಿ ಬರುತ್ತಿದ್ದೆ. ಪವಿತ್ರಾ ಕಣ್ಣು ಬಿಡುತ್ತಿರಲಿಲ್ಲ. ಐದನೇ ದಿನ ನನ್ನನ್ನು ನೋಡಿ, "ಎಮ್ಮಿ ಸೂಜಿ ಬ್ಯಾಡ" ಎಂದು ಚಾದರದೊಳಗೆ ಮುಖ ಮುಚ್ಚಿಕೊಂಡಳು. ಹೊರಗೆ ಬಂದು ಗೋಡೆಗೆ ಮುಖ ಮಾಡಿ ಅತ್ತೆ. ಹದಿನಾರನೇ ದಿನ ಮಗು ಮನೆಗೆ ಬಂತು. ತೊಡೆಯಲ್ಲಿ ಗೇಣುದ್ದದ ಕಲೆ ಉಳಿದಿದೆ, ನಡಿಗೆ ನೆಟ್ಟಗಿದೆ.

ಮಗು ಮನೆಗೆ ಬಂದ ಮರುದಿನವೇ ಅವರ ಊರಿನಲ್ಲಿ ಮನೆಮನೆ ತಿರುಗಿ ಉಳಿದ ಟ್ಯೂಬುಗಳನ್ನು ಕೇಳಿದೆ. ಮೂವತ್ತೊಂದು ಮನೆಗಳಿಂದ ಹತ್ತೊಂಬತ್ತು ಸಿಕ್ಕವು, ಎಲ್ಲಕ್ಕೂ ನನ್ನದೇ ಚೀಟಿ. ಕೊನೆಯ ಮನೆಯಲ್ಲಿ ಬಾಣಂತಿಯೊಬ್ಬಳು ತೊಟ್ಟಿಲ ಪಕ್ಕದ ಗೂಡಿನಿಂದ ಅರ್ಧ ಖಾಲಿಯಾದ ಟ್ಯೂಬೊಂದನ್ನು ತೆಗೆದಳು. ಕೊಡಲು ಅವಳಿಗೆ ಮನಸ್ಸಿರಲಿಲ್ಲ.

"ಇದರ ಮೂತಿ ಬಿಸಿನೀರಾಗ ತೊಳದೀನ್ರಿ," ಎಂದಳು. "ಕೂಸಿಗೆ ಬೇಕಾಗತೈತಂತ."

ಔಷಧ ಕೊಡುವುದನ್ನು ಕಲಿಯಲು ನನಗೆ ಐದು ವರ್ಷ ಸಾಕಾಯಿತು. ಕೊಟ್ಟ ಔಷಧ ಯಾರ ಮೈಗೆ ಹೋಯಿತೆಂದು ಕೇಳಲು ಮೂವತ್ತನಾಲ್ಕು ವರ್ಷ ಬೇಕಾದವು.