ಎಡಗಾಲಿಗೆ ಕೆಲಸವಿಲ್ಲದ ಕಾರು

ಕನಕಪುರದ ಚಿಕ್ಕಲಕ್ಷ್ಮಮ್ಮನಿಗೆ ಕಾರಿನ ಹುಚ್ಚು ಹತ್ತಿದ್ದು ಅರವತ್ತು ತುಂಬಿದ ಮೇಲೆ. ವಿದ್ಯಾರ್ಥಿ ಹಾಸ್ಟೆಲಿನಲ್ಲಿ ಕೊಪ್ಪರಿಗೆಗಟ್ಟಲೆ ಸಾರು ಕುದಿಸಿ ನಿವೃತ್ತಿಯಾದ ಹೆಂಗಸು. ಅವಳ ಅಕ್ಕ ದೊಡ್ಡತಾಯಮ್ಮ ಇರುವುದು ಉಯ್ಯಂಬಳ್ಳಿಯಲ್ಲಿ. ಅಕ್ಕನನ್ನು ನೋಡಬೇಕು ಅನ್ನಿಸಿದಾಗಲೆಲ್ಲ ಮಗನಿಗೆ ರಜೆ ಇದೆಯಾ, ಗಂಡನಿಗೆ ಮನಸ್ಸಿದೆಯಾ ಎಂದು ಮುಖ ನೋಡಬೇಕು. ಬೈಕಿನ ಹಿಂದೆ ಒಂದೇ ಕಡೆ ಕಾಲು ಇಳಿಬಿಟ್ಟು ಕೂತು ಹೋಗಬೇಕು. ಅಲ್ಲಿ "ಹೊತ್ತಾಯ್ತು, ಏಳು" ಅಂದ ಕೂಡಲೇ ಅಕ್ಕನ ಜೊತೆಗಿನ ಮಾತನ್ನು ಅರ್ಧಕ್ಕೇ ನುಂಗಿ ಏಳಬೇಕು. ಇದು ಅವಳಿಗೆ ಸಾಕುಸಾಕಾಗಿತ್ತು. ಮನೆಗೆ ಕಾರು ಬರುವುದಾದರೆ ಅದನ್ನು ತಾನೇ ಓಡಿಸಬೇಕು ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಳು.

ಗಂಡ ವೆಂಕಟಯ್ಯನಾದರೂ ಸಾಮಾನ್ಯನಲ್ಲ. ಸರ್ಕಾರಿ ಬಸ್ಸಿನ ಡ್ರೈವರಾಗಿ ಮಾಗಡಿ, ರಾಮನಗರ, ಚನ್ನಪಟ್ಟಣ ಎಂದು ಊರಿಗೂರನ್ನೇ ಹೊತ್ತು ತಿರುಗಿ, ಆಕ್ಸಿಡೆಂಟ್ ಮಾಡದ ಡ್ರೈವರ್ ಎಂದು ಬೆಳ್ಳಿ ಪದಕ ಹಾಕಿಸಿಕೊಂಡವನು. ಕಟ್ಟಿಕೊಂಡವಳನ್ನು ಅಕ್ಕನ ಮನೆಗೆ ಬಿಡುವುದಕ್ಕೆ ಮಾತ್ರ ಅವನಿಗೆ ಎಂದೂ ಡ್ಯೂಟಿ ಬೀಳಲಿಲ್ಲ. ಹೋದ ವರ್ಷ ಯಾಕೋ ಕರುಣೆ ಉಕ್ಕಿ, ಗೆಳೆಯನ ಹಳೇ ಕಾರು ತಂದು ಮೈದಾನದಲ್ಲಿ ಹೆಂಡತಿಗೆ ಕಲಿಸಲು ಹೊರಟ. ಅವಳು ಕ್ಲಚ್ ಬಿಟ್ಟರೆ ಸಾಕು, ಕಾರು ಕಪ್ಪೆಯ ಹಾಗೆ ನೆಗೆದು ನಿಂತುಬಿಡುತ್ತಿತ್ತು.

"ಕ್ಲಚ್ ಕಾಲಿಗೆ ಹತ್ದೇ ಇದ್ ಮ್ಯಾಲೆ ಗಾಡಿ ಕೈಗೆ ಹತ್ತಕಿಲ್ಲ ಕಣಮ್ಮಿ. ನೀನು ಹಿಂದುಗಡೆ ಸೀಟಲ್ಲಿ ಆರಾಮಾಗಿ ಕುಂತ್ಕೊ," ಎಂದು ತೀರ್ಪು ಕೊಟ್ಟುಬಿಟ್ಟ.

ಅವತ್ತು ಅಡುಗೆಮನೆಯಲ್ಲಿ ಚಿಕ್ಕಲಕ್ಷ್ಮಮ್ಮ ಅತ್ತಳು. ಕೇಳಿದವರಿಗೆ ಒಗ್ಗರಣೆ ಘಾಟು ಎಂದಳು. ಆ ಸುಳ್ಳನ್ನು ನಂಬದವಳು ಸೊಸೆ ಶಾಲಿನಿ ಒಬ್ಬಳೇ. ಹೈಸ್ಕೂಲಿನಲ್ಲಿ ಪಾಠ ಹೇಳುವ ಶಾಲಿನಿ ಪಕ್ಕಕ್ಕೆ ಬಂದು, "ಅತ್ತೆ, ಕ್ಲಚ್ಚೇ ಇಲ್ದಿರೋ ಕಾರು ಬತ್ತವೆ. ಗೇರ್ ಅದೇ ಹಾಕ್ಕಳ್ತದೆ. ಬಲಗಾಲು ಒಂದಿದ್ರೆ ಸಾಕು," ಎಂದಳು. ಚಿಕ್ಕಲಕ್ಷ್ಮಮ್ಮನಿಗೆ ಆಕಾಶ ಮೂರೇ ಗೇಣು. ಸೊಸೆಯ ಜೊತೆ ಹೋಗಿ, ಗಂಡನಿಗೆ ಸುಳಿವು ಕೊಡದೆ ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್, ಮಾಡಿಸಿಕೊಂಡೇ ಬಂದಳು.

ಕೊನೆಗೆ ಮನೆಮಂದಿಯೆಲ್ಲ ರಾಮನಗರದ ಶೋರೂಮಿಗೆ ಹೊರಟ ದಿನ ಬಂತು. ಅಲ್ಲಿ ಸಾನಾ ಎಂಬ ನಗುಮುಖದ ಹುಡುಗಿ ಒಂದು ಸಣ್ಣ ಕಾರಿನ ಬಾಗಿಲು ತೆರೆದು ಒಂದೊಂದಾಗಿ ತೋರಿಸತೊಡಗಿದಳು. ಮಗ ಶಿವಕುಮಾರನ ಕಣ್ಣು ನೆಟ್ಟಿದ್ದು ಸನ್‌ರೂಫಿನ ಮೇಲೆ.

"ಅದ್ಯಾಕ್ಲಾ ಟಾಪಲ್ಲಿ ತೂತು? ಮ್ಯಾಲೆ ಲಗೇಜ್ ಹಾಕಕಾ?" ವೆಂಕಟಯ್ಯ ಕೇಳಿದ.

"ಗಾಳಿ ಬರಕೆ ಕಣಪ್ಪ."

"ಕಿಟಕಿ ಸತ್ತೋಗವಾ?"

ಸಾನಾ ನಗು ತಡೆದುಕೊಂಡು ಹಿಂಬದಿಯ ಕ್ಯಾಮೆರಾ ತೋರಿಸಿದಳು. "ನಂಗೆ ಹಿಂದೆ ನೋಡಕೆ ಕಂಡಕ್ಟರ್ ಇದ್ದ. ಬರ್ಲಿ ಬರ್ಲಿ ಅಂತಿದ್ದ, ನಾನು ಬುಟ್ಕೊಂಡ್ ಬತ್ತಿದ್ದೆ," ಎಂದ ವೆಂಕಟಯ್ಯ. ಅಷ್ಟರಲ್ಲಿ ಗೋಡೆ ಹತ್ತಿರ ಬಂದರೆ ಕೀಂಕೀಂ ಎನ್ನುವ ಸೆನ್ಸರ್ ಕೂಗಿತು. "ಇದ್ಕೇನ್ ಬಂತು ರೋಗ?" ಎಂದು ಬೆಚ್ಚಿಬಿದ್ದ.

ಚಿಕ್ಕಲಕ್ಷ್ಮಮ್ಮ ಮಾತ್ರ ಡ್ರೈವರ್ ಸೀಟಿನಲ್ಲಿ ಕೂತು ನೋಡಿದಳು. ಕುಳ್ಳಿ. ಕಣ್ಣೆದುರು ಸ್ಟೇರಿಂಗು ಬಿಟ್ಟು ಇನ್ನೇನೂ ಕಾಣಲಿಲ್ಲ. ಅವಳ ಮುಖ ಬಾಡಿದ್ದು ಕಂಡು ಸಾನಾ, "ಅಮ್ಮ, ಸೀಟು ಎತ್ತರ ಮಾಡ್ಕೊಬೋದು, ಅದು ನಡುವಿನ ಮಾಡೆಲ್‌ನಲ್ಲೂ ಇದೆ. ಕ್ಲಚ್ ಇಲ್ಲದ ಆಟೋಮ್ಯಾಟಿಕ್ಕೂ ಅದರಲ್ಲಿ ಸಿಗುತ್ತೆ. ಸನ್‌ರೂಫ್ ಬೇಕು ಅಂದ್ರೆ ಮಾತ್ರ ಮೇಲಿನ ಮಾಡೆಲ್‌ಗೆ ಹೋಗ್ಬೇಕು," ಎಂದಳು. ಮೇಲಿನ ಮಾಡೆಲ್‌ನಲ್ಲಿ ಆಟೋಮ್ಯಾಟಿಕ್ಕಿನ ಬೆಲೆ ಇವರ ಕೈಗೆ ಎಟುಕುವಂತಿರಲಿಲ್ಲ. ಸನ್‌ರೂಫ್ ಬಂದರೆ ಕ್ಲಚ್ಚು ಗೇರಿನ ಗಾಡಿ ಬರಬೇಕು, ಗೇರು ಬಂದರೆ ಚಿಕ್ಕಲಕ್ಷ್ಮಮ್ಮ ಹಿಂದಿನ ಸೀಟಿಗೆ ಹೋಗಬೇಕು. ವಿಷಯ ಅಷ್ಟೇ.

"ಆಟೋಮ್ಯಾಟಿಕ್ ಅನ್ನೋದು ಗಾಡೀನೇ ಅಲ್ಲ. ತಡೀರಿ, ಓಡ್ಸಿ ತೋರಿಸ್ತೀನಿ," ಎಂದು ವೆಂಕಟಯ್ಯ ಟೆಸ್ಟ್ ಡ್ರೈವಿಗೆ ಹತ್ತಿದ. ಪಕ್ಕದಲ್ಲಿ ಸಾನಾ, ಹಿಂದೆ ಉಳಿದ ಮೂವರು.

ಬ್ರೇಕಿನಿಂದ ಕಾಲು ತೆಗೆದದ್ದೇ ತಡ, ಕಾರು ತನ್ನಷ್ಟಕ್ಕೆ ಹೊರಟಿತು. "ಹೇಳ್ದೆ ಕೇಳ್ದೆ ಹೊಂಟೋಯ್ತದಲ್ಲ!" ಎಂದ. ಮುಂದೆ ರಸ್ತೆಯಲ್ಲಿ ಹಂಪ್ ಕಂಡಿತು. ಹಂಪ್ ಕಂಡರೆ ಗೇರು ಇಳಿಸಬೇಕು. ಅದಕ್ಕೆ ಕ್ಲಚ್ ತುಳಿಯಬೇಕು. ಬಸ್ಸಿನ ಕ್ಲಚ್ಚೆಂದರೆ ಒನಕೆ ತುಳಿದ ಹಾಗೆ ತುಳಿಯಬೇಕು. ವೆಂಕಟಯ್ಯನ ಎಡಗಾಲು ಯಾರ ಅಪ್ಪಣೆಗೂ ಕಾಯದೆ ಎದ್ದು ಧಡಾರನೆ ತುಳಿಯಿತು. ಅಲ್ಲಿ ಕ್ಲಚ್ ಇರಲಿಲ್ಲ, ಅಗಲವಾದ ಬ್ರೇಕ್ ಇತ್ತು.

ಕಾರು ಮೊಳೆ ಹೊಡೆದಂತೆ ನಿಂತಿತು. ಸಾನಾಳ ಕೈಯಲ್ಲಿದ್ದ ಟ್ಯಾಬ್ ಹಾರಿತು. ಶಿವಕುಮಾರನ ಹಣೆ ಮುಂದಿನ ಸೀಟಿಗೆ ಬಡಿಯಿತು. ಹಿಂದೆ ಬರುತ್ತಿದ್ದ ಆಟೋದವನು ಪಕ್ಕಕ್ಕೆ ಬಂದು, "ಯಾವೋನ್ಲಾ ನಿಂಗೆ ಲೈಸೆನ್ಸ್ ಕೊಟ್ಟೋನು? ಕಲ್ತ್ಕೊಂಡು ರೋಡಿಗೆ ಬಾರ್ಲಾ!" ಎಂದು ಕೂಗಿ ಹೋದ. ಬೆಳ್ಳಿ ಪದಕದವನಿಗೆ ಈ ಮಾತು! ಚಿಕ್ಕಲಕ್ಷ್ಮಮ್ಮನಿಗೆ ನಗು ಉಕ್ಕಿ ಬಂತು. ಸೆರಗು ಬಾಯಿಗೆ ತುರುಕಿದಳು. ತಿರುವಿನಲ್ಲಿ ಎಡಗಾಲು ಮತ್ತೊಮ್ಮೆ ತುಳಿದಾಗ ಸೆರಗೂ ಸಾಲಲಿಲ್ಲ. ಸೊಸೆಯ ಹೆಗಲಿಗೆ ಬಿದ್ದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅತ್ತೆ ನಕ್ಕಿದ್ದಕ್ಕೆ ಸೊಸೆ ನಕ್ಕಳು, ಸೊಸೆ ನಕ್ಕಿದ್ದಕ್ಕೆ ಸಾನಾ ನಕ್ಕಳು.

ಶೋರೂಮಿಗೆ ಬಂದು ಇಳಿದಾಗ ವೆಂಕಟಯ್ಯನ ಮುಖ ಇಷ್ಟು ದಪ್ಪ ಊದಿತ್ತು. "ಗೇರೇ ಬರ್ಕಳಮ್ಮ. ಆ ತೂತಿನ ಟಾಪೇ ಇರ್ಲಿ," ಎಂದ. ಶಿವಕುಮಾರ ಹಣೆ ಉಜ್ಜಿಕೊಳ್ಳುತ್ತಲೇ ಹಲ್ಲುಕಿರಿದ. ಚಿಕ್ಕಲಕ್ಷ್ಮಮ್ಮ, ನಕ್ಕು ತಾನೇ ಕೆಲಸ ಕೆಡಿಸಿಕೊಂಡೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಆದರೂ ಬಿಡಲಿಲ್ಲ.

"ನಾನೂ ಒಂದ್ಸಲ ಕುಂತ್ಕತೀನಿ. ಆಮ್ಯಾಕೆ ಏನಾರಾ ಬರ್ಸ್ಕಳಿ."

ಬ್ಯಾಗಿನಿಂದ ಎಲ್‌ಎಲ್‌ಆರ್ ತೆಗೆದು ತೋರಿಸಿದಾಗ ವೆಂಕಟಯ್ಯನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಶೋರೂಮಿನ ಹಿಂದೆ ಖಾಲಿ ಅಂಗಳವಿತ್ತು. ಅಲ್ಲಿ ಒಂದು ಸುತ್ತು ಹಾಕಬಹುದೆಂದು ಸಾನಾ ಒಪ್ಪಿದಳು. ವೆಂಕಟಯ್ಯ ಪಕ್ಕದಲ್ಲಿ ಕೂತು ಹ್ಯಾಂಡ್‌ಬ್ರೇಕ್ ಹಿಡಿದುಕೊಂಡ, ಬೈಯುವುದಕ್ಕೆ ಸಿದ್ಧನಾಗಿ.

ಚಿಕ್ಕಲಕ್ಷ್ಮಮ್ಮ ಸೀಟಿನ ಪಕ್ಕದ ಹಿಡಿಯನ್ನು ಎಳೆದೆಳೆದು ಮೇಲೇರಿದಳು. ಬಾನೆಟ್ಟು ಕಂಡಿತು, ಅಂಗಳ ಕಂಡಿತು, ಗೇಟಿನಾಚೆ ರಸ್ತೆಯೂ ಕಂಡಿತು. ಬ್ರೇಕಿನಿಂದ ಬಲಗಾಲು ಎತ್ತಿದಳು. ಕಾರು ಮೆತ್ತಗೆ ಜಾರಿತು. ಎಂದೂ ಕ್ಲಚ್ ಕಲಿಯದ ಅವಳ ಎಡಗಾಲು ತೆಪ್ಪಗೆ ಒಂದು ಕಡೆ ಬಿದ್ದುಕೊಂಡಿತ್ತು. ಒಂದು ಸುತ್ತು ಬಂತು, ಎರಡು ಬಂತು. ಬೈಗುಳ ಬರಲಿಲ್ಲ. ಖುಷಿಗೆ ಅವಳ ಕೆನ್ನೆ ನೋಯುತ್ತಿತ್ತು.

ಅವಳು ಕಾರು ನಿಲ್ಲಿಸಿದಾಗ ವೆಂಕಟಯ್ಯ ತನ್ನ ಎಡ ಮೊಣಕಾಲನ್ನೊಮ್ಮೆ ತಟ್ಟಿಕೊಂಡು, "ನಾನು ರಿಟೈರ್ ಆದೆ, ಇದು ಇನ್ನೂ ಆಗಿಲ್ಲ ನೋಡು," ಎಂದ. ಆಮೇಲೆ ಕಿಟಕಿಯಾಚೆ ತಲೆ ಹಾಕಿ, "ಆಟೋಮ್ಯಾಟಿಕ್ ಬರ್ಕಳಮ್ಮ. ಕೈಲಿ ಟೀ ಲೋಟ ಇದ್ರೂ ಒಂದ್ ಹನಿ ಚೆಲ್ಲಕಿಲ್ಲ, ಹಂಗ್ ಓಡುಸ್ತಾಳೆ ನನ್ನೆಂಡ್ರು," ಎಂದು ಅಂಗಳಕ್ಕೆಲ್ಲ ಕೇಳುವಂತೆ ಕೂಗಿದ.

ಲೈಸೆನ್ಸ್ ಕೈಗೆ ಬಂದ ವಾರವೇ ಗಂಡ ಹೆಂಡತಿ ಉಯ್ಯಂಬಳ್ಳಿಗೆ ಹೊರಟರು. ದೊಡ್ಡತಾಯಮ್ಮ ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಬಂದು, ಕಾರನ್ನು ನೋಡಿ, ಕಾರಿನೊಳಗೆ ಬಗ್ಗಿ ಹುಡುಕಿದಳು.

"ಯಾರವ್ವ ಕರ್ಕಂಬಂದೋರು?"

"ನನ್ನ ನೋಡ್ಬ್ಯಾಡಿ ಅತ್ಗೆ, ನಾನು ಪ್ಯಾಸೆಂಜರ್ರು," ಎಂದ ವೆಂಕಟಯ್ಯ.

"ಯಾರೂ ಕರ್ಕಂಬರ್ಲಿಲ್ಲ ಕಣಕ್ಕ. ನಾನೇ ಬಂದೆ," ಎಂದಳು ಚಿಕ್ಕಲಕ್ಷ್ಮಮ್ಮ.

ದೊಡ್ಡತಾಯಮ್ಮ ತಂಗಿಯನ್ನೇ ನೋಡಿದಳು. ಕಣ್ಣು ತುಂಬಿಕೊಂಡವು. ಸೆರಗಿಗೆ ಕೈ ಒರೆಸಿಕೊಂಡು, ವೆಂಕಟಯ್ಯನನ್ನು ತೋಳು ಹಿಡಿದು ಕೆಳಗಿಳಿಸಿ, ತಾನೇ ಆ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡಳು.

"ನಡಿ ಹಂಗಾರೆ."

"ಎಲ್ಗಕ್ಕ?"

"ಎಲ್ಗಾರಾ ನಡಿ. ಹೊತ್ತಾಯ್ತು ಏಳು ಅನ್ನೋರು ಯಾರವ್ರೆ ಈಗ?"